ದೋಣಿ ಶೆಡ್ಡಿನ ಗಾಳಿಯೂ ನಾನು ಹಾಕಿದ ಸಾಂಬ್ರಾಣಿಯೂ

ಮಾಲಿನ್ಯ ಅಳೆಯಲು ಬಂದಿದ್ದ ಮಾನ್ಯ ಅಧಿಕಾರಿಗಳೇ,

ದೊಡ್ಡನೆಕ್ಕುಂದಿಯ ನಮ್ಮ ದೋಣಿ ಶೆಡ್ಡಿನ ಗಾಳಿ ಕೆಡಲು ಸಾಂಬ್ರಾಣಿಯೇ ಕಾರಣ ಎಂದು ತಾವು ವರದಿ ಕೊಟ್ಟಿದ್ದೀರಿ. ಆ ಸಾಂಬ್ರಾಣಿ ಹಾಕಿದವಳು ನಾನೇ. ತಪ್ಪೊಪ್ಪಿಕೊಳ್ಳುತ್ತೇನೆ. ಆದರೆ ನನಗೆ ಭಯವಾಗಿದೆ. ಅದನ್ನು ಬರೆಯಲು ತಮ್ಮ ವರದಿಯಲ್ಲಿ ಜಾಗವಿಲ್ಲದ ಕಾರಣ ಪತ್ರಿಕೆಗೆ ಬರೆಯುತ್ತಿದ್ದೇನೆ.

ಸಮುದ್ರವೇ ಇಲ್ಲದ ಊರಿನಲ್ಲಿ ಸಿರಿವಂತರ ವಿಹಾರದ ದೋಣಿ ಕಟ್ಟುವವರು ನಾವು. ಅಚ್ಚಿನೊಳಗೆ ಗಾಜಿನ ನಾರಿನ ಬಟ್ಟೆ ಹಾಸಿ, ರೆಸಿನ್ ಎಂಬ ರಾಸಾಯನಿಕ ಅಂಟು ಬಳಿದು, ರೋಲರಿನಿಂದ ಒತ್ತುವುದು ನನ್ನ ಕೆಲಸ. ಆರು ವರ್ಷವಾಯಿತು. ರೆಸಿನ್ ಗಟ್ಟಿಯಾಗುವಾಗ ಏಳುವ ಘಾಟು ಕಣ್ಣು, ಮೂಗು, ಗಂಟಲು ಯಾವುದನ್ನೂ ಬಿಡುವುದಿಲ್ಲ. ತಾವು ಗಾಳಿ ಅಳೆಯುವ ಯಂತ್ರವನ್ನು ಆ ಅಚ್ಚಿನ ಪಕ್ಕದಲ್ಲಿಟ್ಟಿರಾ? ಗೇಟಿನ ಬಳಿ ನೆರಳಿನಲ್ಲಿಟ್ಟಿರಿ, ಅದೂ ಮೂರು ದಿನ ಮೊದಲೇ ತಿಳಿಸಿ. ಅಂದು ಮಾಲೀಕರು ರೆಸಿನ್ ಡ್ರಮ್ಮಿನ ಮುಚ್ಚಳವನ್ನೇ ತೆಗೆಸಲಿಲ್ಲ. ನಾವು ಹೆಂಗಸರು ದಿನವಿಡೀ ನೆಲ ತೊಳೆದೆವು. ಬರುವ ಹೊತ್ತು ಹೇಳಿ ಕಳ್ಳನನ್ನು ಹಿಡಿಯಲು ಹೋಗುವವರನ್ನು ನಾನು ಮೊದಲ ಸಲ ಕಂಡೆ.

ನಮ್ಮ ಶೆಡ್ಡಿಗೆ ಹೊಸ ಅಚ್ಚು ಬರಲಿ, ಫ್ಯಾನು ಬರಲಿ, ಸಾಂಬ್ರಾಣಿ ತೋರಿಸುವುದು ಪದ್ಧತಿ. ತಮ್ಮ ಯಂತ್ರವೂ ನಮ್ಮನ್ನು ಕಾಪಾಡಲು ಬಂದದ್ದಲ್ಲವೇ? ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಯಂತ್ರದ ಸುತ್ತ ಬಂದೆ. ನನ್ನ ಜೊತೆ ರೋಲರ್ ಹಿಡಿಯುವ ಹುಡುಗಿ ಪ್ರಿಯಾ ಕೆಮ್ಮತೊಡಗಿದಳು.

"ಸಾಕು ಬಿಡಿ ಆಂಜನಮ್ಮಕ್ಕ, ಹೊಗೇಲಿ ನೀವೇ ಕಾಣ್ತಿಲ್ಲ."

"ಇನ್ನೂ ಘಮ್ ಅಂತಿಲ್ವಲ್ಲೇ," ಎಂದು ಇನ್ನೊಂದು ಹಿಡಿ ಹಾಕಿದೆ.

"ಏನಕ್ಕಾ ಹಿಂಗಂತೀರಾ? ಗೇಟಾಚೆಗೂ ಹೊಡೀತಿದೆ."

ಬಗ್ಗಿ ಮೂಗಿಟ್ಟೆ. ಬಿಸಿ ತಗುಲಿತು, ವಾಸನೆ ಬರಲಿಲ್ಲ. ಅಂದು ಹೊಕ್ಕ ಹೆದರಿಕೆ ಇನ್ನೂ ಬಿಟ್ಟಿಲ್ಲ. ಈಗ ಅನ್ನ ಸೀದರೆ ನನಗೆ ತಿಳಿಯುವುದಿಲ್ಲ. ಗ್ಯಾಸು ಸೋರುತ್ತಿದೆಯೇ ಎಂದು ಪಕ್ಕದ ಮನೆಯ ರಾಮಲಕ್ಷ್ಮಮ್ಮನನ್ನು ಕರೆದು ಮೂಸಿಸಿದ ಮೇಲೆಯೇ ಒಲೆ ಹಚ್ಚುತ್ತೇನೆ. ಅವರು ಊರಿಗೆ ಹೋದ ದಿನ ನಮ್ಮ ಮನೆಯಲ್ಲಿ ಅವಲಕ್ಕಿ.

ಎಂಟು ತಿಂಗಳು ಕುಳಿತು ಬರೆದ ವರದಿಯಲ್ಲಿ "ಧಾರ್ಮಿಕ ಆಚರಣೆಯ ಹೊಗೆಯ ಹೊರತು ದೋಷ ಕಂಡುಬಂದಿಲ್ಲ" ಎಂದಿದ್ದೀರಿ. ಆ ಹೊಗೆ ಅಷ್ಟು ಹೆಚ್ಚಾದದ್ದೇಕೆ ಎಂದು ಯಾರಾದರೂ ಕೇಳಿದಿರಾ? ವಾಸನೆ ತಿಳಿಯುವವಳಾಗಿದ್ದರೆ ಒಂದು ಚಿಟಿಕೆಗೆ ನಿಲ್ಲಿಸುತ್ತಿದ್ದೆ. ತಾವು ಅಳೆದದ್ದು ನನ್ನ ಭಕ್ತಿಯನ್ನಲ್ಲ ಸ್ವಾಮಿ, ನನಗಾದ ನಷ್ಟವನ್ನು.

ಆದ್ದರಿಂದ ಹೇಳದೆ ಬನ್ನಿ. ರೆಸಿನ್ ಬಳಿಯುವ ದಿನ ಬಂದು ಅಚ್ಚಿನ ಪಕ್ಕದಲ್ಲೇ ಯಂತ್ರ ಇಡಿ. ಜೊತೆಗೆ ಒಬ್ಬ ವೈದ್ಯರನ್ನು ಕರೆತಂದು ನಮ್ಮೆಲ್ಲರ ಮೂಗು ಪರೀಕ್ಷಿಸಿ. ಸಾಂಬ್ರಾಣಿ ಹಾಕುವುದಿಲ್ಲ ಎಂದು ಮಾತು ಕೊಡುತ್ತೇನೆ. ಮತ್ತೆ ಎಂಟು ತಿಂಗಳು ಮಾಡಬೇಡಿ. ಕಳೆದ ಶುಕ್ರವಾರ ಮಲ್ಲಿಗೆ ಮುಡಿಯುತ್ತಿದ್ದ ಪ್ರಿಯಾ, "ಅಕ್ಕಾ, ಈ ಹೂವಲ್ಲಿ ಯಾಕೋ ವಾಸನೇನೇ ಇಲ್ಲ, ನೀವೊಂದ್ಸಲ ನೋಡಿ," ಎಂದು ದಂಡೆಯನ್ನು ನನ್ನ ಮುಖಕ್ಕೆ ಹಿಡಿದಳು. ಇದೆ ಎನ್ನಲೂ ಇಲ್ಲ ಎನ್ನಲೂ ನನ್ನಿಂದಾಗಲಿಲ್ಲ.

ಇಂತಿ,
ತಮ್ಮ ವರದಿಯ ಏಕೈಕ ಅಪರಾಧಿ
ಆಂಜನಮ್ಮ
ಕಗ್ಗದಾಸಪುರ, ೨೦೦೫