ಪೆಟ್ಟಿಗೆಯ ಮೇಲಿನ ಭಂಡಾರ

ಕಮಲಾಪುರ, ೨೦೦೩

ಕಾಶಿರಾಯಣ್ಣ,

ನೀನು ತೀರಿಹೋಗಿ ಒಂಬತ್ತು ತಿಂಗಳಾಯಿತು. ಆದರೂ ನಿನ್ನ ಕಂಪ್ಯೂಟರಿನ ಸುದ್ದಿಯನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಆಯುಧಪೂಜೆಗೆ ನೀನು ಅದರ ಮುಂದೆ ವೀಳ್ಯದೆಲೆಯಲ್ಲಿ ಚಿಟಿಕೆ ಭಂಡಾರ, ಅದೇ ದೇವರ ಅರಿಸಿನ ಪುಡಿ, ಇಟ್ಟು ಕೈಮುಗಿಯುತ್ತಿದ್ದೆ. ಈ ಸಲ ನಾನು ನಿನ್ನ ಹೆಸರು ಹೇಳಿ, ಡೊಳ್ಳಿನ ಮೇಲೆ ಎರಚಿದಂತೆ, ಚಾಲೂ ಇದ್ದ ಪೆಟ್ಟಿಗೆಯ ಮೇಲೆ ಬೊಗಸೆ ತುಂಬ ಭಂಡಾರ ಎರಚಿದೆ. ಕಾಯಿಯ ನೀರನ್ನೂ ಚಿಮುಕಿಸಿದೆ. ಟಪ್ಪೆಂದು ಆರಿತು. ವೈರು ಬದಲಿಸಿದೆ, ಬೇರೆ ಪ್ಲಗ್ಗಿಗೆ ಹಾಕಿದೆ, ಮತ್ತೆ ದೀಪ ಹತ್ತಲಿಲ್ಲ.

ಇವತ್ತು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಒಯ್ದೆ. ಜಗತ್ ಸರ್ಕಲ್ ಹತ್ತಿರದ ರಿಪೇರಿಯವರು ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಹಳದಿ ಮೆತ್ತಿತ್ತು.

“ಫ್ಯಾನ್ ಪುಡಿ ಎಲ್ಲಾ ಒಳಗ ಜಗ್ಗ್ಯಾದ್ರಿ ಅಕ್ಕಾರ. ಪವರ್ ಸಪ್ಲೈ ಸುಟ್ಟದ, ಹಾರ್ಡ್ ಡಿಸ್ಕೂ ಹೋಗ್ಯಾದ.”

“ಅದರಾಗ ನಮ್ಮವ್ವನ ಪದ ಅದಾವ್ರಿ.”

“ಇನ್ನ ಬರಂಗಿಲ್ಲ ಬಿಡ್ರಿ.”

ಅವ್ವ ಹೇಳಿದ ಮುನ್ನೂರು ಬೀಸುವ ಪದ, ಅವಳೆದುರು ಕೂತು ನೀನು ಒಂದೊಂದೇ ಅಕ್ಷರ ಒತ್ತಿ ಬರೆದದ್ದು. ನೀನು ಹೋದ ಮೇಲೆ ಅವಳು ಒಂದು ಪದಕ್ಕೂ ಬಾಯಿ ತೆರೆದಿರಲಿಲ್ಲ.

“ಚಾಲೂ ಆತೇನು?” ಎಂದಳು ಅವ್ವ, ನಾನು ಬರಿಗೈಯಲ್ಲಿ ಮನೆಗೆ ಬಂದಾಗ.

“ಎಂಟು ದಿನ ಬೇಕಂತವ್ವ” ಎಂದೆ.

ಸಂಜೆ ಜೋಳ ಹಸನು ಮಾಡುತ್ತ ಅವಳು ಮೆಲ್ಲಗೆ ಹಾಡತೊಡಗಿದಳು. ಎರಡನೆಯ ನುಡಿಗೇ ನಿಂತಳು.

“ಮುಂದಿಂದು ಮರ್ತೀನಿ ನೋಡು. ಇರ್ಲಿ, ನಿಮ್ಮಣ್ಣ ಬರ್ದಿಟ್ಟಾನಲ್ಲ. ಪೆಟ್ಟಿಗಿ ಬಂದ ಮ್ಯಾಲ ಓದಿ ಹೇಳು.”

ಮಾಳಿ