ತೊರೆಯ ದಡದಲ್ಲಿ ಬಿಟ್ಟುಬಂದದ್ದು

ಸೆಂಟರ್‌ವಿಲ್, ವರ್ಜೀನಿಯಾ
೨೫ ಮೇ ೧೯೯೭

ಪ್ರೀತಿಯ ಶ್ರೀಲತಕ್ಕ,

ನಿನಗೂ ಭಾವನಿಗೂ ನಮಸ್ಕಾರ, ಪುಟ್ಟ ಶ್ರೇಯಸ್‌ಗೆ ಕೆನ್ನೆ ತುಂಬ ಮುತ್ತು. ಇಷ್ಟು ದಿನ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಹೇಳುವುದು ಅಷ್ಟೊಂದಿರುತ್ತಿತ್ತು, ಪೆನ್ನು ಎತ್ತಿಟ್ಟುಬಿಡುತ್ತಿದ್ದೆ. ಮೊನ್ನೆ ನಿನ್ನ ಪತ್ರ ಬಂತು. ಕುಣಿದುಕೊಂಡು ಒಡೆದು ನೋಡಿದರೆ ಯೋಗಕ್ಷೇಮದ ಒಂದು ಮಾತೂ ಇಲ್ಲ. “ಗಂಡನನ್ನು ಕಾಡಿನಲ್ಲಿ ಬಿಟ್ಟು ಬಂದೆಯಂತೆ” ಎಂದೇ ಶುರು. ನನ್ನ ಅತ್ತೆ ನಿನಗೆ ಫೋನ್ ಮಾಡಿ ಅತ್ತರಂತೆ. ನಾನು ಪ್ರಭಾಕರ ಅಂಕಲ್ ಹತ್ತಿರ ಕ್ಷಮೆ ಕೇಳಲೇಬೇಕಂತೆ. ಸರಿ, ನಡೆದದ್ದನ್ನು ನನ್ನ ಬಾಯಿಂದಲೂ ಕೇಳು.

ಮದುವೆಯಾಗಿ ಬಂದ ಮೊದಲ ನಾಲ್ಕು ತಿಂಗಳು ನಾನು ನೆಲದ ಮೇಲೆ ನಡೆದದ್ದೇ ನೆನಪಿಲ್ಲ. ಶಶಾಂಕ್ ರೆಸ್ಟನ್‌ನ ಆಫೀಸಿನಿಂದ ಊಟವಾಯಿತೇ ಎಂದು ಕೇಳಲು ಫೋನ್ ಮಾಡುತ್ತಿದ್ದ, ಕಾಫಿ ಆಯಿತೇ ಎಂದು ಕೇಳಲು ಮತ್ತೆ ಮಾಡುತ್ತಿದ್ದ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಅವನೇ ಡ್ರೈವಿಂಗ್ ಕಲಿಸಿದ. ಒಂದೇ ಹೆಣ್ಣು ನೋಡಿ ಒಪ್ಪಿದ ಹುಡುಗ ಎಂದು ಅಮ್ಮ ಇನ್ನೂ ಸರಸ್ವತಿಪುರದ ತುಂಬ ಹೇಳಿಕೊಂಡು ತಿರುಗುತ್ತಿರಬೇಕು. ಹೇಳಲಿ. ಆ ಸಂಬಂಧ ತಂದವಳು ನೀನು.

ಪ್ರಭಾಕರ ಅಂಕಲ್ ಮೂವತ್ತು ವರ್ಷದಿಂದ ಇಲ್ಲಿ ಡಾಕ್ಟರು. ಹೊಸದಾಗಿ ಬಂದ ಕನ್ನಡದ ಹುಡುಗರೆಲ್ಲ ಅವರ ಶಿಷ್ಯರು. ಅವರಿಗೆ ಟ್ರೌಟ್ ಎಂದರೆ ಪ್ರಾಣ. ಬೆಟ್ಟದ ತಣ್ಣನೆಯ ತೊರೆಗಳಲ್ಲಿ ಇರುವ ಚುಕ್ಕೆ ಮೈಯ ಮೀನು ಅದು. ಹಿಡಿಯುತ್ತಾರೆ, ನೋಡುತ್ತಾರೆ, ಬಿಡುತ್ತಾರೆ. ತಿನ್ನುವುದಿಲ್ಲ, ಅಮ್ಮ ಗಾಬರಿಯಾಗುವುದು ಬೇಡ. ತಿನ್ನದ ಮೀನಿನ ಬಾಯಿಗೆ ಗಾಳ ಯಾಕೆ ಹಾಕಬೇಕು ಎಂದು ಕೇಳಿದೆ. “ನಿಮ್ಮ ಕಾನ್ವೆಂಟಲ್ಲಿ ಇದೆಲ್ಲ ಹೇಳ್ಕೊಡಲ್ಲಮ್ಮ” ಅಂದರು.

ಏಪ್ರಿಲ್ ಮೊದಲ ವಾರ ನಮ್ಮಿಬ್ಬರನ್ನು ಶೆನಾಂಡೋವಾ ಬೆಟ್ಟಕ್ಕೆ ಕರೆದುಕೊಂಡು ಹೋದರು. ಹೊಸ ಮದುವೆಯ ಹೆಣ್ಣು ಹೊಸ ನೀರು ಕಂಡರೆ ಗಂಗೆ ಪೂಜೆ ಮಾಡದೆ ದಾಟಬಾರದು ಎಂದು ಹೊರಡುವ ದಿನ ನನ್ನ ಕೈಗೆ ಅರಿಶಿನ ಕುಂಕುಮದ ಡಬ್ಬಿ ಕೊಟ್ಟವಳು ನೀನೇ ತಾನೆ? ಕೆಂಪು ಸೀರೆಯುಟ್ಟು ಮಡುವಿನ ಮೇಲಿನ ಬಂಡೆಯ ತುದಿಗೆ ಹೋಗಿ ನಿಂತೆ. ಅರಿಶಿನ, ಕುಂಕುಮ, ಹೂವು, ಎರಡು ಗಾಜಿನ ಬಳೆ, ಎಲ್ಲವನ್ನೂ ನೀರಿಗೆ ಬಿಟ್ಟು ಕೈ ಮುಗಿದೆ. ಕೆಳಗೆ ಮೊಣಕಾಲೂರಿ ಕೂತು ಗಾಳ ಎಸೆಯುತ್ತಿದ್ದ ಅಂಕಲ್ ಎದ್ದು ನಿಂತರು. ಆ ಮಡುವಿನ ಮೀನಿಗಾಗಿ ಅವರು ಬೆಳಿಗ್ಗೆಯಿಂದ ಕಾದಿದ್ದರು.

“ಏನಮ್ಮಾ, ಇದೇನು ಶ್ರೀರಂಗಪಟ್ಟಣದ ಸ್ನಾನಘಟ್ಟನಾ? ನಿನ್ನ ನೆರಳು ಬಿದ್ರೆ ಸಾಕು, ಮೀನೆಲ್ಲ ಕಲ್ಲು ಸಂದಿ ಸೇರ್ಕೊಳ್ಳತ್ತೆ. ಮೇಲಿಂದ ಅರಿಶಿನ ಬೇರೆ. ಶಶಾಂಕ್, ಇವಳನ್ನ ಕಾರಲ್ಲಿ ಕೂರ್ಸಯ್ಯ.”

ಶಶಾಂಕ್ ನಗುತ್ತ ನನ್ನನ್ನು ಕಾರಿನಲ್ಲಿ ಕೂರಿಸಿ ಬಂದ. ಅಂದಿನಿಂದ ನನಗೂ ಅಂಕಲ್‌ಗೂ ಯುದ್ಧ. ಅವರು ಮನೆಗೆ ಬಂದರೆ ಹುಳಿಗೆ ಬೇಕೆಂದೇ ಉಪ್ಪು ಕಡಿಮೆ ಹಾಕುತ್ತಿದ್ದೆ. ಅವರು “ಗಂಗಮ್ಮ ಹೇಗಿದ್ದಾಳೆ?” ಎಂದು ಎಲ್ಲರೆದುರು ಕೇಳುತ್ತಿದ್ದರು. ಸೇಡು ತೀರಿಸಿಕೊಳ್ಳಲು ಲೈಬ್ರರಿಗೆ ಹೋಗಿ ಟ್ರೌಟ್ ಪುಸ್ತಕಗಳನ್ನೆಲ್ಲ ಓದಿದೆ. ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ ಮೇಲೆ ಒಬ್ಬಳೇ ಬೆಟ್ಟಕ್ಕೆ ಹೋಗಿ ತೊರೆಗಳನ್ನು ನೋಡಿದೆ, ಗಾಳ ಎಸೆಯುವುದನ್ನೂ ಕಲಿತೆ.

ಅಕ್ಕ, ಒಳ್ಳೆಯ ತೊರೆ ತಾನೇ ಹೇಳಿಕೊಳ್ಳುತ್ತದೆ. ಕೈ ಇಟ್ಟರೆ ಮೂಳೆ ನೋಯುವಷ್ಟು ತಣ್ಣಗಿರಬೇಕು. ಎರಡೂ ದಡದ ಮರ ನೀರಿಗೆ ನೆರಳು ಕೊಡಬೇಕು. ತಳದಲ್ಲಿ ಕೆಸರಿರಬಾರದು, ಉರುಟು ಕಲ್ಲಿರಬೇಕು. ಒಂದು ಕಲ್ಲನ್ನು ತಿರುವಿ ನೋಡು. ಅಡಿಯಲ್ಲಿ ಮರಳಿನ ಕಾಳು ಅಂಟಿಸಿ ಮನೆ ಕಟ್ಟಿಕೊಂಡ ಹುಳಗಳಿದ್ದರೆ ಅಲ್ಲಿ ಮೀನಿಗೆ ಊಟವುಂಟು. ನೀರು ಬಿಳಿಯಾಗಿ ಧುಮುಕಿ ಮಡುವಾಗುವಲ್ಲಿ ನೊರೆ ಒಂದು ಗೆರೆ ಹಿಡಿದು ಹೋಗುತ್ತದೆ. ಹುಳ ತೇಲಿಬರುವುದೂ ಅದೇ ಗೆರೆಯಲ್ಲಿ. ಮೀನು ಪ್ರವಾಹಕ್ಕೆ ಮುಖ ಮಾಡಿ ಅದರ ಪಕ್ಕದಲ್ಲಿ ಕಾಯುತ್ತಿರುತ್ತದೆ. ನಾವು ಅದರ ಬೆನ್ನ ಹಿಂದಿನಿಂದ, ಮಾಸಲು ಬಟ್ಟೆ ತೊಟ್ಟು, ಬಗ್ಗಿ ಹೋಗಬೇಕು. ಸಿಕ್ಕಿದ ಮೇಲೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಬಿಟ್ಟ ಮೇಲೆ ಈಜಿಕೊಂಡೇ ಹೋಗುತ್ತದೆ, ಎಷ್ಟೋ ಸಲ ಆಮೇಲೆ ಸಾಯುತ್ತದೆ.

ಇಂಥದೊಂದು ತೊರೆ ನನಗೆ ಸಿಕ್ಕಿತು. ಏಪ್ರಿಲ್ ಕೊನೆಯ ಭಾನುವಾರ ಇಬ್ಬರನ್ನೂ ಅಲ್ಲಿಗೆ ನಾನೇ ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋದೆ. “ಇದಾ? ಇದು ಚರಂಡಿ ಕಣಮ್ಮ, ಒಂದೇ ನೆಗೆತಕ್ಕೆ ದಾಟ್ಬಹುದು” ಅಂದರು ಅಂಕಲ್. ನಾನು ಬಗ್ಗಿ ಹೋಗಿ, ನೊರೆಯ ಗೆರೆಗೆ ಗಾಳ ಬಿಟ್ಟೆ. ಮೂರನೆಯ ಎಸೆತಕ್ಕೆ ಸಿಕ್ಕಿತು. ಹೊಟ್ಟೆ ಕಿತ್ತಳೆ, ಬೆನ್ನು ಕಡುಹಸಿರು, ರೆಕ್ಕೆಯ ಅಂಚಿಗೆ ಸುಣ್ಣ ಬಳಿದಂಥ ಬಿಳಿ. ಕೈ ಒದ್ದೆ ಮಾಡಿಕೊಂಡು ಹಿಡಿದೆ, ಬಿಟ್ಟೆ. ಅಂಕಲ್ ಗಂಟಲು ಸರಿಮಾಡಿಕೊಂಡು, “ಪರವಾಗಿಲ್ಲ, ಗಂಗಮ್ಮ ಪಾಸು” ಅಂದರು.

ಅದಾಗಿ ಸ್ವಲ್ಪ ಹೊತ್ತಿಗೆ ನಾನು ಕಾರು ಹತ್ತಿ ಹೊರಟುಬಿಟ್ಟೆ. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿದೆ, ಇನ್ನೊಂದು ಕುಡಿದೆ. ಬಿಸಿಲು ಇಳಿಯುವಾಗ ಹಿಂದಿರುಗಿದರೆ ಇಬ್ಬರೂ ಸೊಂಟದವರೆಗಿನ ರಬ್ಬರ್ ಬೂಟು ತೊಟ್ಟು ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುವವರಂತೆ ನಿಂತಿದ್ದರು. ನಗು ಬಂದರೆ ನಕ್ಕುಬಿಡು.

ಅಂಕಲ್ ಹೆಂಡತಿ ಸಾವಿತ್ರಿ ಆಂಟಿ ದಿನಾ ಫೋನ್ ಮಾಡುತ್ತಾರೆ. “ಚರಂಡಿ ಅಂದಿದ್ದಕ್ಕೆ ಇಷ್ಟು ಕೋಪಾನಾ? ಹಿರಿಯರು, ಒಂದ್ಸಲ ಸಾರಿ ಅಂದ್ಬಿಡು.” ಶಶಾಂಕ್ ಕೂಡ ಹಾಗೆಯೇ ತಿಳಿದಿದ್ದಾನೆ. ನಾನು ಹೇಳುವುದಿಲ್ಲ. ನೀನು ಬರೆದರೂ ಇಲ್ಲ, ಅಮ್ಮ ಅತ್ತರೂ ಇಲ್ಲ. ಆ ತೊರೆಗೆ ಈಗ ಒಬ್ಬಳೇ ಹೋಗುತ್ತೇನೆ. ದಾರಿ ಇಬ್ಬರಿಗೂ ಜ್ಞಾಪಕವಿಲ್ಲ, ನಾನು ತೋರಿಸುವುದೂ ಇಲ್ಲ.

ಭಾವನಿಗೆ ಕೆಮ್ಮೆಂದು ಅಮ್ಮನ ಪತ್ರದಲ್ಲಿತ್ತು, ಬೇಗ ವಾಸಿಯಾಗಲಿ. ಪುಟ್ಟನಿಗೆ ದೇವರು ಆಯುರಾರೋಗ್ಯ ಕೊಡಲಿ.

ನಿನ್ನ ತಂಗಿ,
ಹರಿಣಿ

ಮರೆತ ಮಾತು: ಮರೆತಿರಲಿಲ್ಲ. ನಾನು ಮೀನು ಬಿಟ್ಟು ಕೈ ಒರೆಸಿಕೊಳ್ಳುತ್ತಿದ್ದಾಗ ಅಂಕಲ್ ಕೇಳಿದರು, “ಅಲ್ಲಯ್ಯ ಶಶಾಂಕ್, ಇವಳಿಗಿಂತ ಮುಂಚೆ ಎಷ್ಟು ಹಿಡಿದು ಬಿಟ್ಟಿದ್ದೆ ಮೈಸೂರಲ್ಲಿ?” ನೀರಿನ ಸದ್ದಿಗೆ ನನಗೆ ಕೇಳಿಸದೆಂದು ಅವನು ಅಂದುಕೊಂಡಿರಬೇಕು. “ಒಂಬತ್ತು, ಅಂಕಲ್. ಒಂಬತ್ತು ಮನೆ ಕೇಸರಿಭಾತು. ಲೀವ್ ಮುಗೀತಾ ಬಂತು, ಹತ್ತನೇದನ್ನ ಇಟ್ಕೊಂಡೆ.” ಇಬ್ಬರೂ ನಕ್ಕರು. ಆಮೇಲೆ ಒಂದು ಮೀನು ಸಿಕ್ಕಿತು ಅವನಿಗೆ. ಎಷ್ಟು ಜೋಪಾನವಾಗಿ ಕೈ ಒದ್ದೆ ಮಾಡಿಕೊಂಡ, ಅಕ್ಕ. “ಅವನು ನಿನ್ನನ್ನು ಬಿಟ್ಟು ಯಾರನ್ನೂ ನೋಡಿಲ್ಲ ಕಣೇ” ಎಂದು ನನ್ನ ತಲೆಗೆ ಹೂ ಮುಡಿಸುತ್ತ ಹೇಳಿದವಳು ನೀನು. ನಿನಗೆ ಗೊತ್ತಿರಲಿಲ್ಲವೆಂದಾದರೆ ಕೂಡಲೇ ಬರೆ. ಗೊತ್ತಿದ್ದರೆ ಇನ್ನು ಮುಂದೆ ನನಗೆ ಪತ್ರ ಬರೆಯಬೇಡ.