ಒದ್ದೆ ಮೈಗೆ ಕಂಬಳಿ

ಜನವರಿ ೬, ಮಂಗಳವಾರ.

ಇವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ. ರವಿವಾರ ಭಾಲ್ಕಿಯಲ್ಲಿ ಕುದುರೆಗಳ ಪ್ರದರ್ಶನ. ನಮ್ಮ ಕುದುರೆ ಚಾಂದನಿಯನ್ನು ಒಂದು ವರ್ಷದಿಂದ ಅದಕ್ಕಾಗಿಯೇ ತಯಾರು ಮಾಡಿದ್ದೇವೆ. ಸಂಜೆ ಬೀದರಿನಲ್ಲಿ ಕೆಲಸ ಮುಗಿಸಿ ನಮ್ಮೂರು ಕಮಠಾಣಕ್ಕೆ ಬಂದು ನೋಡಿದರೆ, ಲಾಯದ ಮೂಲೆಯಲ್ಲಿ ತಲೆ ತಗ್ಗಿಸಿ ನಡುಗುತ್ತಿದ್ದಳು. ಕಂಬಳಿಯ ಕೆಳಗೆ ಕೈ ಹಾಕಿದೆ. ಮೈಯೆಲ್ಲ ತೊಯ್ದಿತ್ತು.

"ಮೈ ತೊಳದು ಒಣಗಿಸದೇ ಹೊದಿಸೀಯೇನು?" ಎಂದು ತಮ್ಮ ಕೈಲಾಶನನ್ನು ಕೇಳಿದೆ.

"ಥಂಡಿ ಭಾಳ ಅದ ಅಕ್ಕಾ, ಅದಕ್ಕ ಲಗೂನ ಹೊದಿಸಿದೆ."

ಒದ್ದೆ ಮೈಗೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ ಎಂದು ಎಷ್ಟು ಸಲ ಹೇಳಿಲ್ಲ! ಅಪ್ಪನ ಎದುರಿಗೇ ಬೈದೆ. ಇನ್ನು ಕುದುರೆ ಮುಟ್ಟಬೇಡ ಅಂದೆ. ಅವನು ಹೋಗಿ ಗೋಣಿಚೀಲ ತಂದ. ಇಬ್ಬರೂ ಒಂದು ತಾಸು ಉಜ್ಜಿ ಮೈ ಒಣಗಿಸಿದೆವು. ನಡುಕ ನಿಂತಿತು, ಆದರೆ ಮೇವಿಗೆ ಬಾಯಿ ಹಾಕಲಿಲ್ಲ. ಮೂಗು ಸೋರುತ್ತಿದೆ. ಡಾಕ್ಟರು ಫೋನಿನಲ್ಲಿ, "ರವಿವಾರ ಒಯ್ಯಬ್ಯಾಡ್ರಿ," ಅಂದರು.

ಊಟಕ್ಕೆ ಕೂತಾಗ ನೆನಪಾಯಿತು. ನಾಲ್ಕು ಗಂಟೆಗೆ ಅವನು ಫೋನು ಮಾಡಿ, "ಮೈ ತೊಳದೀನಿ ಅಕ್ಕಾ, ಈಗ ಹೊದಿಸ್ಲೇನು?" ಎಂದು ಕೇಳಿದ್ದ. ನಾನು ಮೀಟಿಂಗಿನಲ್ಲಿದ್ದೆ. ಪೂರ್ತಿ ಕೇಳಿಸಿಕೊಳ್ಳದೆ, "ಹೂಂ, ಹೊದಿಸು," ಅಂದಿದ್ದೆ.

ಅಷ್ಟು ಬೈಸಿಕೊಂಡರೂ ಕೈಲಾಶ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಈಗ ಲಾಯದಲ್ಲೇ ಮಲಗಿದ್ದಾನೆ. ಬೆಳಿಗ್ಗೆ ಅಪ್ಪನಿಗೆ ನಾನೇ ಹೇಳಬೇಕು. ಅದಕ್ಕಿಂತ ಮೊದಲು ಅವನಿಗೆ ಏನು ಹೇಳುವುದೋ...